ನಂದಿಬೆಟ್ಟದಿಂದ ಇಳಿದ ನೀಲಗಿರಿ

ನಂದಿಬೆಟ್ಟ ಇರುವುದು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ. ಆದರೆ ಪಕ್ಕದ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಸೀಮೆಯ ಹೊಲಗಳ ಚಹರೆ ಬದಲಿಸಿದ ಮರದ ಕಥೆ ಶುರುವಾಗುವುದು 1,478 ಮೀಟರ್ ಎತ್ತರದ ಆ ಬೆಟ್ಟದ ಮೇಲೆಯೇ.

ಸುಮಾರು 1790ರಲ್ಲಿ ಟಿಪ್ಪು ಸುಲ್ತಾನ್ ತನ್ನ ನಂದಿಯ ತೋಟದಲ್ಲಿ ಆಸ್ಟ್ರೇಲಿಯದ ನೀಲಗಿರಿಯನ್ನು ನೆಡಿಸಿದನೆಂದು ಅರಣ್ಯಶಾಸ್ತ್ರದ ಗ್ರಂಥಗಳು ಹೇಳುತ್ತವೆ. ಭಾರತದಲ್ಲಿ ಈ ಮರದ ಮೊದಲ ನೆಲೆ ಅದೇ ಎಂಬುದು ವಾಡಿಕೆಯ ಮಾತು. ಊಟಿಯ ಕಡೆಗೆ ನೀಲಗಿರಿ ಬಂದದ್ದು ಆಮೇಲೆ, 1843ರಲ್ಲಿ.

ಎರಡೂ ಕಡೆಯ ತಳಿಗಳು ಬೇರೆ ಬೇರೆ. ಊಟಿಯ ‘ಗ್ಲಾಬ್ಯುಲಸ್’ಗೆ ತಂಪು ಬೇಕು, ಎರಡು ಸಾವಿರ ಮೀಟರ್ ಎತ್ತರದಲ್ಲಿ ಸೊಂಪಾಗಿ ಬೆಳೆದರೂ ಬಯಲಿನ ಬಿಸಿಲಿಗೆ ಬಾಳದು. ನಂದಿಯಲ್ಲಿ ಉಳಿದದ್ದು ಮುಖ್ಯವಾಗಿ ‘ಟೆರೆಟಿಕಾರ್ನಿಸ್’ ಜಾತಿಗೆ ಸೇರಿದ ಮರ. ತವರಿನಲ್ಲಿ ಅದು ಕಡಲ ಮಟ್ಟದಿಂದಲೇ ಬೆಳೆಯುತ್ತದೆ. ಒಂಬೈನೂರು ಮೀಟರಿನ ನಮ್ಮ ಕೆಂಪು ಮಣ್ಣಿನ ಬಯಲು ಅದಕ್ಕೆ ಕಷ್ಟವೇ ಆಗಲಿಲ್ಲ.

1950ರ ದಶಕದಲ್ಲಿ ಅರಣ್ಯ ಇಲಾಖೆ ಈ ನಂದಿ ಮೂಲದ ಸಸಿಯನ್ನು ‘ಮೈಸೂರು ಗಮ್’ ಹೆಸರಿನಲ್ಲಿ ದೊಡ್ಡ ಪ್ರಮಾಣದಲ್ಲಿ ನೆಡತೊಡಗಿತು. 1972ರಲ್ಲಿ ಹರಿಹರದ ಪಾಲಿಫೈಬರ್ಸ್ ಕಾರ್ಖಾನೆ ಶುರುವಾದ ಮೇಲೆ ಮರಕ್ಕೆ ಗಿರಾಕಿ ಸಿಕ್ಕಿತು. 1980ರ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನ ಸಾಮಾಜಿಕ ಅರಣ್ಯ ಯೋಜನೆ ಸಸಿಗಳನ್ನು ಹಳ್ಳಿಗೇ ತಂದಿತು. ಕೂಲಿಯಾಳು ಸಿಗದ, ಮಳೆ ಕೈಕೊಡುವ ರಾಗಿ ಹೊಲದ ಒಡೆಯನಿಗೆ ಇದು ನಿಶ್ಚಿಂತೆಯ ಬೆಳೆ: ದನ ಮುಟ್ಟದು, ಕಾವಲು ಬೇಡ, ಕೆಲವು ವರ್ಷಕ್ಕೊಮ್ಮೆ ಕಡಿದರೆ ಬುಡ ಮತ್ತೆ ಚಿಗುರುತ್ತದೆ. ತಂಗಡಿ, ಬಂದರೆ ಗಿಡಗಳು ಬೆಳೆಯುತ್ತಿದ್ದ ಗೋಮಾಳಗಳೂ ತೋಪುಗಳಾದವು.

ಎದುರು ಮಾತೂ ಆಗಲೇ ಎದ್ದಿತ್ತು. 1983ರಲ್ಲಿ ನೆರೆಯ ತುಮಕೂರು ಜಿಲ್ಲೆಯಲ್ಲಿ ರೈತ ಸಂಘದವರು ನೀಲಗಿರಿ ಸಸಿಗಳನ್ನು ಕಿತ್ತೆಸೆದರು.

ನೀರಿನ ಲೆಕ್ಕ ಹೊರಬಿದ್ದದ್ದು ತಡವಾಗಿ. ನಂದಿಯಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಮೂಲಕ ಹರಿಯುವ ಅರ್ಕಾವತಿ ಬತ್ತಿದ್ದೇಕೆಂದು ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಹುಡುಕಿದರು. ಮಳೆಯ ಕೊರತೆಗಿಂತ ಕೊಳವೆಬಾವಿಗಳತ್ತ ಮತ್ತು ನೀಲಗಿರಿ ತೋಪುಗಳತ್ತಲೇ ಅವರು ಬೆರಳು ತೋರಿದರು.

2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಆದರೆ ಕಡಿದಷ್ಟೂ ಚಿಗುರುವ ಮರಕ್ಕೆ ಈ ತಡೆ ಸಾಲದು. ಬುಡ ಸಮೇತ ಕೀಳಿಸಲು ಜೆಸಿಬಿ ತರಿಸಬೇಕು, ಆ ಖರ್ಚಿಗೆ ರೈತನೊಬ್ಬನೇ ಹೆಗಲು ಕೊಡಬೇಕೆನ್ನುವುದು ನ್ಯಾಯವಲ್ಲ. ಸಸಿ ಹಂಚಿದ ಸರ್ಕಾರವೂ ಅದರಲ್ಲಿ ಪಾಲು ಹೊರಬೇಕು.