'ಕ್ಯಾಸ್ಪಿಯನ್ ರಾಕ್ಷಸ'ನ ಹಿಂದಿದ್ದ ಪುಟ್ಟ ದೋಣಿಗಳು

1960ರ ದಶಕದ ಕೊನೆಯ ಭಾಗ. ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಆಕಾಶದಿಂದ ಒಬ್ಬರ ಮೇಲೊಬ್ಬರು ಕಣ್ಣಿಟ್ಟಿದ್ದ ಕಾಲ ಅದು. ಅಮೆರಿಕದ ಗೂಢಚಾರ ಉಪಗ್ರಹ ತೆಗೆದ ಫೋಟೊದಲ್ಲಿ, ಕ್ಯಾಸ್ಪಿಯನ್ ಸಮುದ್ರದ ದಡದಲ್ಲಿ ಒಂದು ವಿಚಿತ್ರ ಯಂತ್ರ ಕಂಡಿತು. ಉದ್ದ 92 ಮೀಟರ್. ವಿಮಾನ ಅನ್ನೋಣವೆಂದರೆ ರೆಕ್ಕೆ ತೀರಾ ಗಿಡ್ಡ, ಹಡಗು ಅನ್ನೋಣವೆಂದರೆ ಬಾಲವಿದೆ. ಮೈಮೇಲೆ ಎರಡೇ ಅಕ್ಷರ: ಕೆ, ಎಂ. ಅಮೆರಿಕದವರು ಇದಕ್ಕೆ 'ಕ್ಯಾಸ್ಪಿಯನ್ ಮಾನ್‌ಸ್ಟರ್', ಅಂದರೆ ಕ್ಯಾಸ್ಪಿಯನ್ ರಾಕ್ಷಸ ಎಂದು ಹೆಸರಿಟ್ಟರು.

ರಷ್ಯನ್ ಭಾಷೆಯಲ್ಲಿ ಆ ಅಕ್ಷರಗಳ ಅರ್ಥ 'ಕೊರಾಬ್ಲ್ ಮಕೆತ್'. ಕನ್ನಡದಲ್ಲಿ ಹೇಳುವುದಾದರೆ 'ಮಾದರಿ ಹಡಗು'. 544 ಟನ್ ತೂಗುತ್ತಿದ್ದ, ಹತ್ತು ಜೆಟ್ ಎಂಜಿನ್ ಹೊತ್ತಿದ್ದ ಆ ಯಂತ್ರವನ್ನೂ ಅದನ್ನು ಕಟ್ಟಿದವರು ಒಂದು ಮಾದರಿ ಎಂದೇ ಕರೆದಿದ್ದರು. ಆ ಹೆಸರಿನ ಹಿಂದಿರುವ ಮನುಷ್ಯನ ಕಥೆಯನ್ನು ನಾವು ಇಲ್ಲಿ ಹೇಳುತ್ತಿದ್ದೇವೆ.

ನೀರಿನೊಳಗೆ ರೆಕ್ಕೆ

ಅವರ ಹೆಸರು ರೊಸ್ತಿಸ್ಲಾವ್ ಅಲೆಕ್ಸಿಯೆವ್. ಹುಟ್ಟಿದ್ದು 1916ರಲ್ಲಿ. ಹಾಯಿದೋಣಿಯ ಹುಚ್ಚು ಇದ್ದವರು. ವೋಲ್ಗಾ ನದಿಯ ಗೋರ್ಕಿ ಪಟ್ಟಣದಲ್ಲಿ ಎಂಜಿನಿಯರಿಂಗ್ ಓದಿ, 1941ರಲ್ಲಿ ಪದವಿ ಪ್ರಬಂಧವನ್ನು ಹೈಡ್ರೊಫಾಯಿಲ್ ದೋಣಿಯ ಮೇಲೆ ಬರೆದರು. ಆಗ ಯುದ್ಧ ಶುರುವಾಗಿತ್ತು. ಕೆಲಸ ಸಿಕ್ಕಿದ್ದು ಟ್ಯಾಂಕ್ ತಯಾರಿಸುವ ಕಾರ್ಖಾನೆಯಲ್ಲಿ. ಅಲ್ಲಿದ್ದುಕೊಂಡೇ ಸಣ್ಣ ದೋಣಿಗಳಿಗೆ ರೆಕ್ಕೆ ಕಟ್ಟಿ ಪರೀಕ್ಷೆ ನಡೆಸಿದರು.

ಹೈಡ್ರೊಫಾಯಿಲ್ ಎಂದರೇನು? ಕೆರೆಯಲ್ಲಿ ಹಲಗೆಯನ್ನು ಅಡ್ಡ ಹಿಡಿದು ಎಳೆದು ನೋಡಿದವರಿಗೆ ನೀರು ಎಷ್ಟು ತಡೆಯುತ್ತದೆಂದು ಗೊತ್ತು. ದೋಣಿಯ ಒಡಲಿಗೂ ಅದೇ ಕಷ್ಟ. ಅದರ ಅಡಿಗೆ ಕಾಲು ಕಟ್ಟಿ, ಕಾಲಿಗೆ ಪುಟ್ಟ ರೆಕ್ಕೆ ಜೋಡಿಸಿದರೆ, ವೇಗ ಬಂದಾಗ ರೆಕ್ಕೆ ಇಡೀ ದೋಣಿಯನ್ನು ನೀರಿನಿಂದ ಮೇಲಕ್ಕೆ ಎತ್ತುತ್ತದೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಹಾಗಾಗಿ ಚಿಕ್ಕ ರೆಕ್ಕೆಯೇ ಸಾಕು.

ಇದನ್ನು ಮೊದಲು ಮಾಡಿದವರು ಅಲೆಕ್ಸಿಯೆವ್ ಅಲ್ಲ. ಇಟಲಿಯ ಎನ್ರಿಕೊ ಫೊರ್ಲಾನಿನಿ 1906ರಲ್ಲೇ ಮಜ್ಜೋರೆ ಸರೋವರದಲ್ಲಿ ಇಂಥ ದೋಣಿ ಓಡಿಸಿದ್ದರು. ಟೆಲಿಫೋನ್ ಖ್ಯಾತಿಯ ಗ್ರಹಾಂ ಬೆಲ್ ಅದರಲ್ಲಿ ಕೂತು ಬಂದು, ಕೆನಡಾದಲ್ಲಿ ತಮ್ಮದೇ ದೋಣಿ ಕಟ್ಟಿಸಿದರು. 1919ರಲ್ಲಿ ಅದು ಗಂಟೆಗೆ 114 ಕಿ.ಮೀ. ವೇಗ ಮುಟ್ಟಿತು. ಅಲೆಕ್ಸಿಯೆವ್ ಅದನ್ನು ಜನರ ಬಸ್ಸು ಮಾಡಿದರು. 1957ರಲ್ಲಿ ಅವರ 'ರಾಕೆತಾ' ಗೋರ್ಕಿಯಿಂದ ಕಜಾನ್‌ವರೆಗಿನ 420 ಕಿ.ಮೀ. ದಾರಿಯನ್ನು ಏಳು ಗಂಟೆಯಲ್ಲಿ ಮುಗಿಸಿತು. ರೆಕ್ಕೆ ನೀರಿನ ಮೇಲ್ಮೈಗೆ ಹತ್ತಿರವಾದಷ್ಟೂ ಎತ್ತುವ ಬಲ ತಾನಾಗಿ ಕಡಿಮೆಯಾಗುತ್ತದೆ, ಇದು ಅವರು ಬಳಸಿಕೊಂಡ ಗುಟ್ಟು. ದೋಣಿ ತನ್ನ ಎತ್ತರವನ್ನು ತಾನೇ ಕಾಯ್ದುಕೊಳ್ಳುತ್ತಿತ್ತು.

ಸಣ್ಣದರಲ್ಲಿ ದೊಡ್ಡದರ ಲೆಕ್ಕ

ಸಣ್ಣ ಮಾದರಿ ನೋಡಿ ದೊಡ್ಡ ಹಡಗು ಹೇಗಿರುತ್ತದೆಂದು ಹೇಳಬಹುದೇ? ಇಂಗ್ಲೆಂಡಿನ ವಿಲಿಯಂ ಫ್ರೌಡ್ 19ನೇ ಶತಮಾನದಲ್ಲಿ ಇದಕ್ಕೆ ಲೆಕ್ಕ ಕೊಟ್ಟರು. ಮೇಣದ ಮಾದರಿಗಳನ್ನು ಉದ್ದನೆಯ ತೊಟ್ಟಿಯಲ್ಲಿ ಎಳೆದು ಅಳೆದರು. ಮಾದರಿಯ ಉದ್ದ 16ರಲ್ಲಿ ಒಂದು ಪಾಲಾದರೆ, ವೇಗ 4ರಲ್ಲಿ ಒಂದು ಪಾಲು ಇರಬೇಕು. ಆಗ ಎರಡೂ ಒಂದೇ ರೀತಿಯ ಅಲೆ ಎಬ್ಬಿಸುತ್ತವೆ.

ಈ ಲೆಕ್ಕವನ್ನು ನಾವು ಕ್ಯಾಸ್ಪಿಯನ್ ಯಂತ್ರಕ್ಕೆ ಹಾಕಿ ನೋಡಿದೆವು. 50ರಲ್ಲಿ ಒಂದು ಪಾಲಿನ ಮಾದರಿ ಮಾಡಿದರೆ ಉದ್ದ 1.84 ಮೀಟರ್. ತೂಕ ಉದ್ದ, ಅಗಲ, ಎತ್ತರ ಮೂರರ ಜತೆಗೂ ಇಳಿಯುವುದರಿಂದ ನಾಲ್ಕೂವರೆ ಕಿಲೊಗೂ ಕಡಿಮೆ. ಗಂಟೆಗೆ 430 ಕಿ.ಮೀ. ಬದಲು ಸುಮಾರು 61 ಕಿ.ಮೀ. ಓಡಿದರೆ ಸಾಕು. ಇವತ್ತು ರಿಮೋಟ್ ದೋಣಿ ಕಟ್ಟುವ ಹವ್ಯಾಸಿಗಳ ಕೈಗೆ ಸಿಗುವ ಅಳತೆ ಇದು. ಅವರು ಪ್ರತಿ ಗ್ರಾಂ ತೂಗಿ ನೋಡುವುದು ಇದೇ ಕಾರಣಕ್ಕೆ. ಮಾದರಿ ಅರ್ಧ ಕಿಲೊ ಹೆಚ್ಚಾದರೆ ನಿಜವಾದ ಹಡಗಿಗೆ 60 ಟನ್‌ಗಿಂತ ಹೆಚ್ಚು ಹೊರಿಸಿದ ಹಾಗೆ.

ನೀರಿನ ಮೇಲೆ ಹಾರಾಟ

ಹೈಡ್ರೊಫಾಯಿಲ್‌ಗೆ ಒಂದು ಮಿತಿ ಇದೆ. ವೇಗ ತೀರಾ ಹೆಚ್ಚಾದರೆ ರೆಕ್ಕೆಯ ಮೇಲೆ ನೀರು ಆವಿಯಾಗಿ ಗುಳ್ಳೆ ಏಳುತ್ತದೆ, ಎತ್ತುವ ಬಲ ಬೀಳುತ್ತದೆ. ಆಗ ಅಲೆಕ್ಸಿಯೆವ್ ರೆಕ್ಕೆಯನ್ನು ನೀರಿನಿಂದ ತೆಗೆದು ಗಾಳಿಗೆ ತಂದರು. ಹೆಜ್ಜಾರ್ಲೆ ಹಕ್ಕಿ ರೆಕ್ಕೆ ಬಡಿಯದೆ ನೀರಿಗೆ ತಾಗಿದಂತೆ ತೇಲಿಹೋಗುವುದನ್ನು ಕೊಕ್ಕರೆ ಬೆಳ್ಳೂರಿನ ಸುತ್ತಲಿನವರು ನೋಡಿಯೇ ಇರುತ್ತೀರಿ. ಮೇಲ್ಮೈಗೆ ಹತ್ತಿರ ಹಾರಿದಾಗ ರೆಕ್ಕೆಯ ತುದಿಯಲ್ಲಿ ಸುಳಿ ಬಲಿಯುವುದಿಲ್ಲ, ಅಡಿಯ ಗಾಳಿ ದಿಂಬಿನಂತೆ ಎತ್ತಿ ಹಿಡಿಯುತ್ತದೆ. ಈ ತತ್ವದ ವಾಹನವನ್ನು ರಷ್ಯನ್ನರು 'ಎಕ್ರಾನೊಪ್ಲಾನ್' ಎಂದರು.

ಅಪಾಯವೂ ಅಲ್ಲೇ ಇತ್ತು. ಸ್ವಲ್ಪ ಮೇಲೇರಿದರೂ ಎತ್ತುವ ಬಲದ ಜಾಗ ಬದಲಾಗಿ ಮೂತಿ ಆಕಾಶಕ್ಕೆ ಏಳುತ್ತದೆ, ವಾಹನ ಹಿಮ್ಮುಖ ಮಗುಚುತ್ತದೆ. ಅದಕ್ಕೇ ಸಣ್ಣ ಮಾದರಿಗಳ ನಂತರ ಮನುಷ್ಯ ಕೂರುವ ಪರೀಕ್ಷಾ ವಾಹನಗಳ ಸಾಲೇ ಬಂತು. ಮೊದಲನೆಯದು 1961ರಲ್ಲಿ ಹಾರಿತು. ಅಲೆಕ್ಸಿಯೆವ್ ಸ್ವತಃ ಅದರಲ್ಲಿ ಕೂತಿದ್ದರು. ಇವುಗಳಿಂದ ಕಲಿತದ್ದೇ ದೊಡ್ಡ ಯಂತ್ರದ ಎತ್ತರದ ಬಾಲ ಮತ್ತು ರೆಕ್ಕೆಯಡಿಗೆ ಗಾಳಿ ಊದುವ ಮುಂಭಾಗದ ಎಂಜಿನ್‌ಗಳು. 1966ರ ಅಕ್ಟೋಬರ್‌ನಲ್ಲಿ 'ಕೆಎಂ' ಹಾರಿತು.

ಕುರ್ಚಿ ಹೋಯಿತು, ಕೆಲಸ ನಿಲ್ಲಲಿಲ್ಲ

1970ರ ದಶಕದ ಮಧ್ಯದಲ್ಲಿ 'ಓರ್ಲ್ಯೊನೊಕ್' ಎಂಬ ಎಕ್ರಾನೊಪ್ಲಾನ್‌ನ ಹಿಂಭಾಗ ಪರೀಕ್ಷೆಯ ವೇಳೆ ಕಿತ್ತುಹೋಯಿತು. ಒಳಗಿದ್ದ ಅಲೆಕ್ಸಿಯೆವ್ ತಾವೇ ಚುಕ್ಕಾಣಿ ಹಿಡಿದು, ಮೂತಿಯ ಎಂಜಿನ್‌ಗಳ ಬಲದಿಂದಲೇ ಅದನ್ನು ದಡಕ್ಕೆ ತಂದರು. ಅಷ್ಟಾದರೂ ಮುಖ್ಯ ವಿನ್ಯಾಸಕಾರನ ಹುದ್ದೆಯಿಂದ ಅವರನ್ನು ತೆಗೆದರು. ಆಮೇಲೂ ಅವರು ಮಾದರಿಗಳನ್ನು ಬಿಡಲಿಲ್ಲ. ಹೊಸ ಪ್ರಯಾಣಿಕ ವಾಹನದ ಮಾದರಿಯ ಕೆಲಸದಲ್ಲಿ ಪೆಟ್ಟು ಮಾಡಿಕೊಂಡು, 1980ರ ಫೆಬ್ರವರಿ 9ರಂದು ತೀರಿಕೊಂಡರು. 'ಕೆಎಂ' ಕೂಡ ಅದೇ ವರ್ಷ ಅಪಘಾತಕ್ಕೀಡಾಗಿ ಕ್ಯಾಸ್ಪಿಯನ್‌ನಲ್ಲಿ ಮುಳುಗಿತು. ನಂತರ ಬಂದ 'ಲುನ್' ಎಂಬ ಇನ್ನೊಂದು ಎಕ್ರಾನೊಪ್ಲಾನನ್ನು 2020ರಲ್ಲಿ ದೆರ್ಬೆಂತ್ ಊರಿನ ದಡಕ್ಕೆ ಎಳೆದು ತಂದರು. ಈಗ ಜನ ಅಲ್ಲಿ ಸೆಲ್ಫಿ ತೆಗೆದುಕೊಳ್ಳುತ್ತಾರೆ.

ಈ ತತ್ವ ಇವತ್ತು ಹೆಚ್ಚಾಗಿ ಉಳಿದಿರುವುದು ಹವ್ಯಾಸಿಗಳ ಕೆರೆ, ಕೊಳಗಳಲ್ಲಿ. ಜರ್ಮನಿಯ ಅಲೆಕ್ಸಾಂಡರ್ ಲಿಪಿಷ್ ರೂಪಿಸಿದ ತಲೆಕೆಳಗಾದ ತ್ರಿಕೋನ ರೆಕ್ಕೆ ಸುಲಭಕ್ಕೆ ಮಗುಚುವುದಿಲ್ಲ, ಆದ್ದರಿಂದ ಹಲವರು ಅದನ್ನೇ ಆರಿಸಿಕೊಳ್ಳುತ್ತಾರೆ. ನಿಮ್ಮ ಮನೆಯ ಹುಡುಗಿಯೋ ಹುಡುಗನೋ ವಿಜ್ಞಾನ ಮೇಳಕ್ಕೆಂದು ಥರ್ಮಾಕೋಲ್, ಹಳೇ ಮೋಟರ್ ಹಿಡಿದು ಕೂತರೆ, ಆಟ ಸಾಕು ಏಳು ಅನ್ನುವ ಮುಂಚೆ ಅಡುಗೆ ಮನೆಯ ತಕ್ಕಡಿ ತಂದುಕೊಡಿ. ಮೊದಲು ನೋಡಬೇಕಾದ್ದು ತೂಕ.