ಫ್ಯಾಕ್ಟ್ ಚೆಕ್: ಮಿದುಳು, ನರದ ಕಾಯಿಲೆಗೆ ಚಾಟ್‌ಬಾಟ್ ಕೇಳಿದರೆ ಸಾಕೇ?

ಸಾರಾಂಶ

ಫಿಟ್ಸ್, ಪಾರ್ಶ್ವವಾಯು, ಪಾರ್ಕಿನ್ಸನ್‌ಗೆ ಇನ್ನು ಡಾಕ್ಟರ ಬಳಿ ಹೋಗಬೇಕಿಲ್ಲ, ಫೋನಿನ ಚಾಟ್‌ಬಾಟ್ ಕೇಳಿದರೆ ಸಾಕು ಎಂಬ ಮಾತನ್ನು ನಾವು ಪರಿಶೀಲಿಸಿದೆವು. ಇದು ಬಹುಪಾಲು ತಪ್ಪು.

ಚಾಟ್‌ಬಾಟ್ ರೋಗ ಪತ್ತೆ ಮಾಡಬಲ್ಲುದೇ?

ಇಲ್ಲ. ಅದು ಓದಿದ ಪಠ್ಯದ ಆಧಾರದಲ್ಲಿ ಮುಂದಿನ ಪದವನ್ನು ಊಹಿಸಿ ಉತ್ತರ ಕಟ್ಟುತ್ತದೆ. ಕೈಯ ಬಲ, ನಡಿಗೆ, ಕಣ್ಣಿನ ಚಲನೆಯನ್ನು ವೈದ್ಯರಂತೆ ಮುಟ್ಟಿ ನೋಡಿ ಪರೀಕ್ಷಿಸಲಾರದು. ಉತ್ತರ ತಪ್ಪಿದ್ದರೂ ಧಾಟಿ ಮಾತ್ರ ಖಚಿತವಾಗಿಯೇ ಇರುತ್ತದೆ.

ಪಾರ್ಶ್ವವಾಯು ಆದಾಗ ಏನು ಮಾಡಬೇಕು?

ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದಲ್ಲಿ ಬೆಳಗಿನ ಜಾವ ಅಜ್ಜನ ಬಾಯಿ ಸೊಟ್ಟಗಾಗಿ, ಒಂದು ಕೈ ಸೋತು, ಮಾತು ತೊದಲಿತು ಎಂದುಕೊಳ್ಳಿ. ರಕ್ತ ಹೆಪ್ಪುಗಟ್ಟಿ ಆದ ಪಾರ್ಶ್ವವಾಯುವಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಅನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸ್ಕ್ಯಾನ್ ಆಗಬೇಕು. ಹಾಗಾಗಿ ಟೈಪ್ ಮಾಡುತ್ತ ಕೂರಬೇಡಿ, 108ಕ್ಕೆ ಕರೆ ಮಾಡಿ. ಲಕ್ಷಣ ಶುರುವಾದ ಸಮಯ ಬರೆದಿಡಿ. ಬಾಯಿಗೆ ನೀರು, ಮಾತ್ರೆ ಹಾಕಬೇಡಿ.

ಫಿಟ್ಸ್ ಬಂದರೆ?

ಕೈಗೆ ಕಬ್ಬಿಣ, ಬೀಗದ ಕೈ ಕೊಡುವುದರಿಂದ ಫಿಟ್ಸ್ ನಿಲ್ಲುವುದಿಲ್ಲ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಯಿಗೆ ಏನನ್ನೂ ತುರುಕಬೇಡಿ. ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಕರೆದೊಯ್ಯಿರಿ. ಚಾಟ್‌ಬಾಟ್ ಹೇಳಿತೆಂದು ಫಿಟ್ಸ್ ಅಥವಾ ಪಾರ್ಕಿನ್ಸನ್ ಮಾತ್ರೆಯನ್ನು ಥಟ್ಟನೆ ನಿಲ್ಲಿಸುವುದು ಜೀವಕ್ಕೇ ಅಪಾಯ.

ಹಾಗಾದರೆ ಉಪಯೋಗವೇ ಇಲ್ಲವೇ?

ಇದೆ. ಮಾತ್ರೆಯ ಹೊತ್ತು ನೆನಪಿಸಲು, ಫಿಟ್ಸ್ ಬಂದ ದಿನಗಳ ಲೆಕ್ಕ ಇಡಲು, ವೈದ್ಯರಿಗೆ ಕೇಳಬೇಕಾದ ಪ್ರಶ್ನೆಗಳ ಪಟ್ಟಿ ಮಾಡಲು ಅದು ನೆರವಾಗುತ್ತದೆ. ಮರೆವಿನ ಕಾಯಿಲೆ ಇರುವವರನ್ನು ನೋಡಿಕೊಳ್ಳುವ ಮನೆಯವರಿಗೆ ಮಾಹಿತಿಯನ್ನು ಸರಳವಾಗಿ ತಿಳಿಸಬಲ್ಲುದು. ರೋಗಿಯ ಹೆಸರು, ವರದಿಗಳನ್ನು ಅದಕ್ಕೆ ಹಾಕದಿರುವುದು ಒಳ್ಳೆಯದು.

ನೋಡಿಕೊಳ್ಳುವವರ ಮನಸ್ಸು ಕುಗ್ಗಿದರೆ ಸರ್ಕಾರದ ಟೆಲಿ-ಮಾನಸ್ 14416 ಇದೆ. 2022ರಲ್ಲಿ ಶುರುವಾದ ಈ ಉಚಿತ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮನುಷ್ಯರ ಜೊತೆ ಮಾತಾಡಬಹುದು. ಅದೇ ವರ್ಷ ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮವನ್ನೂ ಆರಂಭಿಸಿತು. ನರರೋಗಗಳ ಚಿಕಿತ್ಸೆಯನ್ನು ಜಿಲ್ಲಾ ಮಟ್ಟಕ್ಕೆ ತರುವುದು ಅದರ ಗುರಿ.

ತೀರ್ಮಾನ

ಚಾಟ್‌ಬಾಟ್ ಸಹಾಯಕ ಮಾತ್ರ, ವೈದ್ಯನಲ್ಲ. ಆ ಸಂದೇಶ ಬಂದರೆ ಫಾರ್ವರ್ಡ್ ಮಾಡಬೇಡಿ. ಬದಲಿಗೆ 108 ಮತ್ತು 14416 ಎಂಬ ಎರಡು ನಂಬರ್‌ಗಳನ್ನು ಮನೆಯ ಗುಂಪಿಗೆ ಕಳಿಸಿ.