ಹರಾಜಿಗೆ ಬಂದ ಗಣಕಗಳು

ಹರಾಜೆಂದೊಡನೆ ಸಾಲಕ್ಕೆ ಸಿಕ್ಕಿದ ಮನೆ, ಹೊಲ, ಪಾತ್ರೆಪರಡಿಗಳು ನಮ್ಮ ಕಣ್ಣಮುಂದೆ ನಿಲ್ಲುತ್ತವೆ. ಆದರೆ ವಿದ್ಯೆಗೆ ನೆರವಾದ ಯಂತ್ರಗಳೂ ಸವಾಲಿಗೆ ಬರುವುದುಂಟು. ಅಮೆರಿಕದ ಸಿಯಾಟಲ್ ನಗರದ ಹಳೆಯ ಗಣಕಗಳು 2024ರಲ್ಲಿ ಹೀಗೆ ಹರಾಜಾದವು. ಅದರ ವೃತ್ತಾಂತ ವಾಚಕರು ತಿಳಿಯತಕ್ಕುದಾಗಿದೆ.

1968ರಲ್ಲಿ ಆ ಊರಿನ ಲೇಕ್‌ಸೈಡ್ ಶಾಲೆಗೆ ಒಂದು ಟೆಲಿಟೈಪ್ ಯಂತ್ರ ಬಂದಿತು. ಗಣಕವಿದ್ದುದು ಬೇರೆಡೆ, ಟೆಲಿಫೋನ್ ತಂತಿಯ ಮೂಲಕ ಅದರೊಡನೆ ವ್ಯವಹಾರ. ಬಳಸಿದ ಹೊತ್ತಿಗೆ ಹಣ ತೆರಬೇಕು. ಶಾಲೆಯ ತಾಯಂದಿರ ಸಂಘವು ಹಳೆಯ ಸಾಮಾನುಗಳನ್ನು ಮಾರಿ ಆ ಹಣವನ್ನು ಒದಗಿಸಿತು. ಅಲ್ಲಿ ಕಲಿತ ಹುಡುಗರಲ್ಲಿ ಇಬ್ಬರು ಪಾಲ್ ಅಲೆನ್ ಮತ್ತು ಬಿಲ್ ಗೇಟ್ಸ್. ಪಿಡಿಪಿ-10 ಎಂಬ ದೊಡ್ಡ ಗಣಕದ ಬಳಕೆಯೂ ಅವರಿಗೆ ಬಾಲ್ಯದಲ್ಲೇ ಆಯಿತು. 1975ರಲ್ಲಿ ಆಲ್ಟೇರ್ ಎಂಬ ಪುಟ್ಟ ಗಣಕ ಬಂದಾಗ, ಅದನ್ನು ಕಣ್ಣಾರೆ ಕಾಣುವ ಮೊದಲೇ, ಹಾರ್ವರ್ಡಿನ ಪಿಡಿಪಿ-10ರಲ್ಲಿ ಅದರ ನಡೆಯನ್ನು ಅನುಕರಿಸಿ ಅದಕ್ಕೆ ಬೇಸಿಕ್ ಭಾಷೆಯನ್ನು ಅಳವಡಿಸಿದರು. ಮೈಕ್ರೋಸಾಫ್ಟ್ ಹುಟ್ಟಿದ್ದು ಹೀಗೆ.

ಸಿರಿವಂತನಾದ ಅಲೆನ್ ಈ ಋಣವನ್ನು ಮರೆಯಲಿಲ್ಲ. ಹಳೆಯ ಗಣಕಗಳನ್ನು ಕೂಡಿಸಿ, ದುರಸ್ತಿ ಮಾಡಿಸಿ, 2012ರಲ್ಲಿ ಸಾರ್ವಜನಿಕರಿಗಾಗಿ ವಸ್ತುಸಂಗ್ರಹಾಲಯವೊಂದನ್ನು ತೆರೆದನು. ಅಲ್ಲಿನ ವಿಶೇಷವೇನೆಂದರೆ, ಯಂತ್ರಗಳು ಗಾಜಿನ ಹಿಂದೆ ಮೂಕವಾಗಿರಲಿಲ್ಲ. ಬಂದವರು ಕುಳಿತು ಅವನ್ನು ನಡೆಸಬಹುದಾಗಿತ್ತು. ಇದು ಸುಲಭವೆಂದೆಣಿಸಬೇಡಿ: ಇವುಗಳ ಬಿಡಿಭಾಗಗಳು ತಯಾರಾಗುವುದು ಎಂದೋ ನಿಂತಿತ್ತು, ಬಲ್ಲ ಕುಶಲಿಗಳ ನಿತ್ಯಸೇವೆ ಬೇಕಾಗಿತ್ತು.

2018ರ ಅಕ್ಟೋಬರಿನಲ್ಲಿ ಅಲೆನ್ ತೀರಿಕೊಂಡನು. 2020ರಲ್ಲಿ ಸಾಂಕ್ರಾಮಿಕದ ಕಾಲಕ್ಕೆ ಮುಚ್ಚಿದ ಬಾಗಿಲು ಮತ್ತೆ ತೆರೆಯಲಿಲ್ಲ. 2024ರಲ್ಲಿ ಕ್ರಿಸ್ಟೀಸ್ ಸಂಸ್ಥೆ ಹರಾಜು ನಡೆಸಿತು. 1971ರ ಪಿಡಿಪಿ-10 ಸಹ ಪಟ್ಟಿಯಲ್ಲಿತ್ತು. 1976ರಲ್ಲಿ 666 ಡಾಲರ್ 66 ಸೆಂಟಿಗೆ ಮಾರಾಟವಾಗುತ್ತಿದ್ದ ಆಪಲ್-1 ಗಣಕಗಳಲ್ಲೊಂದು 9,45,000 ಡಾಲರಿಗೆ ಹೋಯಿತು.

ಬಂದ ಹಣ ಧರ್ಮಕಾರ್ಯಗಳಿಗೆ ಮೀಸಲು, ದೋಷವೆಣಿಸಲಾಗದು. ಆದರೂ ಒಂದು ಮಾತು. ಅಂದು ತಾಯಂದಿರು ಹಳೆಯದನ್ನು ಮಾರಿದ್ದು ಮಕ್ಕಳು ಯಂತ್ರದ ಮುಂದೆ ಕೂರಲೆಂದು. ಇಂದಿನ ಮಾರಾಟದಿಂದ ಆ ಆಸನವೇ ಇಲ್ಲವಾಯಿತು. ಕೊಂಡವನು ಯಂತ್ರವನ್ನು ಜೋಪಾನ ಮಾಡಿಯಾನು. ಬಂದ ಮಗುವಿಗೆಲ್ಲ ಮುಟ್ಟಗೊಟ್ಟಾನೆ? ಓದುವವರಿಲ್ಲದ ಓಲೆಗರಿಯಂತೆ, ನಡೆಸುವವರಿಲ್ಲದ ಗಣಕವೂ ಮೌನಿ. ನೀವು ಪುಸ್ತಕವನ್ನೋ ನಾಣ್ಯವನ್ನೋ ಕೂಡಿಸುವವರಾದರೆ, ನಿಮ್ಮ ಅನಂತರ ಅದನ್ನು ಯಾರು ತೆರೆದಿಡುವರೆಂಬುದನ್ನು ಬದುಕಿದ್ದಾಗಲೇ ಬರೆದಿಡಿ. ಸಂಗ್ರಹಕ್ಕೆ ಹಣವಿದ್ದರೆ ಸಾಲದು, ವಾರಸುದಾರರೂ ಬೇಕು.